ತುಂಬ ಹೊತ್ತು ಕೊಡದ ಮಷೀನು
ಕಾರವಾರದಿಂದ ಗೋವಾಕ್ಕೆ ಹೋದಾಗ, ತುಂಬ ಹೊತ್ತು ಯಾರಿಗೂ ಹಣ ಕೊಡದ ಸ್ಲಾಟ್ ಮಷೀನು (ಬಟನ್ ಒತ್ತಿ ಚಿತ್ರಗಳ ಚಕ್ರ ತಿರುಗಿಸುವ ಕ್ಯಾಸಿನೋ ಜೂಜಿನ ಯಂತ್ರ) ಹಿಡಿದರೆ ಜಾಕ್‌ಪಾಟ್ ಹತ್ತಿರ ಇರುತ್ತದೆಯೇ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ. ಒಳಗಿನ ಕಂಪ್ಯೂಟರ್ ಚಿಪ್ ಯಾರೂ ಆಡದಿದ್ದರೂ ಸಂಖ್ಯೆ ಹುಟ್ಟಿಸುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದ ಗಳಿಗೆಯ ಸಂಖ್ಯೆಯೇ ಫಲಿತಾಂಶ, ಚಕ್ರ ತಿರುಗುವುದು ಬರೀ ತೋರಿಕೆಗೆ. ಹಿಂದಿನ ಆಟ ಅದಕ್ಕೆ ನೆನಪಿರುವುದಿಲ್ಲ.

ನಿಜವಾದ ಕೈಚಳಕ ಬೇರೆಯೇ ಇದೆ. ಕಣ್ಣಿಗೆ ಕಾಣುವ ಚಕ್ರಕ್ಕೆ 22 ನಿಲುಗಡೆ, ಅಂದರೆ ಅದು ನಿಲ್ಲಬಹುದಾದ ಜಾಗ, ಅಂದುಕೊಳ್ಳಿ, ಮೂರು ಚಕ್ರಕ್ಕೆ 10,648 ಜೋಡಣೆ. ಆದರೆ 1984ರಲ್ಲಿ ಪೇಟೆಂಟ್ ಆದ ವಿಧಾನದಿಂದ ಪ್ರೋಗ್ರಾಮಿನೊಳಗೆ ಪ್ರತಿ ಚಕ್ರಕ್ಕೆ 64 ನಿಲುಗಡೆ ಕೊಡಬಹುದು. ಜಾಕ್‌ಪಾಟ್ ಚಿಹ್ನೆಗೆ ಪ್ರತಿ ಚಕ್ರದಲ್ಲೂ ಅದರಲ್ಲಿ ಒಂದೇ ಇಟ್ಟರೆ 2,62,144ರಲ್ಲಿ ಒಂದು ಅವಕಾಶ. ಆ ಚಿಹ್ನೆಯ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಕ್ಕೆ ಐದಾರು ನಿಲುಗಡೆ ಇಟ್ಟರೆ 'ಸ್ವಲ್ಪದರಲ್ಲಿ ತಪ್ಪಿತು' ಅಂತ ಮತ್ತೆ ಮತ್ತೆ ಅನಿಸುತ್ತದೆ.

ಹಾಕಿದ ಹಣದಲ್ಲಿ ಸರಾಸರಿ ಶೇ 94 ಮರಳಿಸುವ ಮಷೀನಿನಲ್ಲೂ 10 ರೂಪಾಯಿಯಂತೆ ಗಂಟೆಗೆ 500 ಸಲ ಒತ್ತಿದರೆ ಸರಾಸರಿ 300 ರೂಪಾಯಿ ಹೋಗುತ್ತದೆ.