ವಿದೇಶಕ್ಕೆ ಹೊರಟಾಗ ಊರಿನ ಸಿಮ್ ಏನು ಮಾಡಬೇಕು?

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ, ಇಬ್ಬರೂ ನಿವೃತ್ತರು, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಸುಮಾರು ಮೂರು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ದುಬೈನಲ್ಲಿ ವಿಮಾನ ಬದಲಿಸಬೇಕು. ನಡುವೆ ಸ್ವಿಟ್ಜರ್ಲೆಂಡ್‌ಗೂ ಹೋಗಿಬರುವ ಯೋಚನೆಯಿದೆ. ಟ್ರಾವೆಲ್ ಏಜೆಂಟರು ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋಗಿ ಎನ್ನುತ್ತಾರೆ. ಮಗಳು ಏನೂ ಬೇಡ, ಬಂದ ಮೇಲೆ ಇಲ್ಲಿನ ಸಿಮ್ ಕೊಡಿಸುತ್ತೇನೆ ಎನ್ನುತ್ತಾಳೆ. ನನ್ನ ಪಿಂಚಣಿ ಖಾತೆಯ ಒಟಿಪಿ ಬರುವುದು ಇಲ್ಲಿನ ಪ್ರಿಪೇಯ್ಡ್ ನಂಬರಿಗೆ. ಖರ್ಚು ಕಡಿಮೆಯಾಗುವ ದಾರಿ ಯಾವುದು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಮಾತೇ ಹೆಚ್ಚು ಸರಿ, ಆದರೆ ‘ಏನೂ ಬೇಡ’ ಎನ್ನುವಷ್ಟನ್ನು ಮಾತ್ರ ಒಪ್ಪಲಾಗದು. ಹೊರದೇಶದಲ್ಲಿ ನಮ್ಮ ಮೊಬೈಲ್ ಎರಡು ಬೇರೆ ಬೇರೆ ಕೆಲಸ ಮಾಡಬೇಕಾಗುತ್ತದೆ: ಊರಿನ ನಂಬರಿಗೆ ಬರುವ ಬ್ಯಾಂಕ್ ಸಂದೇಶಗಳನ್ನು ತಲುಪಿಸುವುದು ಒಂದು, ಮಾತುಕತೆಗೂ ದಾರಿ ಹುಡುಕುವುದಕ್ಕೂ ಇಂಟರ್ನೆಟ್ ಒದಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಖರ್ಚು ತೀರಾ ಕಡಿಮೆ. ಎರಡನೆಯದನ್ನು ಆಯಾ ದೇಶದ ಕಂಪನಿಯಿಂದಲೇ ಪಡೆದರೆ ಅಗ್ಗ. ಇವೆರಡನ್ನೂ ಭಾರತದ ಒಂದೇ ಸಿಮ್‌ನಿಂದ ಮಾಡಿಸಲು ಹೊರಟಾಗಲೇ ಬಿಲ್ಲು ಏರುವುದು. ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕ್‌ಗಳಲ್ಲಿ ಹೆಚ್ಚಿನವು ಕೆಲವೇ ದಿನಗಳ ಪ್ರವಾಸಿಗರಿಗಾಗಿ ರೂಪಿಸಿದಂಥವು. ಅವನ್ನು ಮೂರು ತಿಂಗಳ ಕಾಲ, ಅದೂ ಇಬ್ಬರಿಗೆ, ಮತ್ತೆ ಮತ್ತೆ ಹಾಕಿಸುವುದು ದುಡ್ಡಿಗೆ ದಂಡ.

ಊರಿನ ನಂಬರಿನ ವ್ಯವಸ್ಥೆಯನ್ನು ಹೊರಡುವ ಮುಂಚೆಯೇ ಮಾಡಿಕೊಳ್ಳಬೇಕು. ನೀವು ಮರಳಿ ಬರುವ ದಿನದಾಚೆಗೂ ವ್ಯಾಲಿಡಿಟಿ ಇರುವಂತೆ ರೀಚಾರ್ಜ್ ಮಾಡಿಸಿ. ಕರೆ ಮತ್ತು ಎಸ್ಸೆಮ್ಮೆಸ್‌ಗಷ್ಟೇ ಸೀಮಿತವಾದ ಪ್ಯಾಕ್‌ಗಳನ್ನೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿತು. ಇಂಥ ವಿಶೇಷ ಪ್ಯಾಕ್‌ಗಳ ಅವಧಿಯ ಮಿತಿಯನ್ನೂ 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಇಲ್ಲಿನ ಡೇಟಾ ಅಲ್ಲಿ ಉಪಯೋಗಕ್ಕೆ ಬಾರದ ಕಾರಣ ನಿಮಗೆ ಅಂಥ ಪ್ಯಾಕೇ ಸಾಕು. ಬಳಿಕ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲ್ತಿಯಲ್ಲಿದೆಯೇ, ಅದಕ್ಕಾಗಿ ಏನಾದರೂ ಸಣ್ಣ ಪ್ಯಾಕ್ ಹಾಕಿಸಬೇಕೇ ಎಂದು ಸ್ಪಷ್ಟವಾಗಿ ಕೇಳಿ ತಿಳಿಯಿರಿ. ಒಟಿಪಿ ಬರುವುದು ಬಿಡುವುದು ನಿಂತಿರುವುದು ಈ ಸೌಲಭ್ಯದ ಮೇಲೆಯೇ.

ರೋಮಿಂಗ್‌ನಲ್ಲಿ ನಮ್ಮ ನಂಬರಿಗೆ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಬಂದ ಕರೆಯನ್ನು ಎತ್ತಿದರೆ ಶುಲ್ಕವುಂಟು, ಒಂದು ಎಸ್ಸೆಮ್ಮೆಸ್ ಕಳಿಸಿದರೂ ಉಂಟು. ಆದ್ದರಿಂದ ಆ ನಂಬರಿಗೆ ಕರೆ ಬಂದರೆ ಅದರ ಪಾಡಿಗೆ ರಿಂಗಾಗಲಿ ಎಂದು ಬಿಟ್ಟು, ನೆಂಟರಿಷ್ಟರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಮಾತನಾಡಲು ಹೇಳಿ. ಕಾಲ್ ಫಾರ್ವರ್ಡಿಂಗ್ ಇದ್ದರೆ ಹೊರಡುವ ಮೊದಲೇ ##002# ಒತ್ತಿ ರದ್ದು ಮಾಡಿ. ನೀವು ಎತ್ತದ ಕರೆಯು ಜರ್ಮನಿಗೆ ಹೋಗಿ ಅಲ್ಲಿಂದ ಮತ್ತೆ ಭಾರತಕ್ಕೆ ತಿರುಗಿದರೆ, ಬಂದದ್ದಕ್ಕೊಮ್ಮೆ ಹೋದದ್ದಕ್ಕೊಮ್ಮೆ ಹಣ ಕಡಿತವಾಗುವ ಸಾಧ್ಯತೆಯಿದೆ. ಯುಪಿಐ ಆ್ಯಪ್ ಹೊಸದಾಗಿ ನೋಂದಾಯಿಸುವಾಗ ನಿಮ್ಮ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಲೇಬೇಕು, ಹೊರದೇಶದಲ್ಲಿ ಅದು ಅನೇಕ ವೇಳೆ ಕೈಕೊಡುತ್ತದೆ. ಆದ್ದರಿಂದ ಪ್ರವಾಸದ ಹೊಸ್ತಿಲಲ್ಲಿ ಹೊಸ ಫೋನ್ ಕೊಳ್ಳುವ ಉತ್ಸಾಹ ಬೇಡ. ಬ್ಯಾಂಕು ಇಮೇಲ್‌ಗೂ ಒಟಿಪಿ ಕಳಿಸುವುದಾದರೆ ಆ ಏರ್ಪಾಡನ್ನೂ ಮಾಡಿಟ್ಟುಕೊಳ್ಳಿ.

ಭಾರತದ ಸಿಮ್ ಅನ್ನು ತೆಗೆದು ಪರ್ಸಿನಲ್ಲಿಡುವ ಹಳೆಯ ರೂಢಿಯನ್ನೂ ಬಿಡಬೇಕು. ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ಕೆಲಸ ಮಾಡುವಂತಾಗಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚಿಸಿರುವುದು ಇದಕ್ಕೆ ಇನ್ನೊಂದು ಕಾರಣ. ಹಾಗಾದರೆ ಜರ್ಮನಿಯ ಸಿಮ್‌ಗೆ ಜಾಗವೆಲ್ಲಿ? ಫೋನಿನಲ್ಲಿ ಎರಡು ಸಿಮ್ ಹಾಕುವಂತಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ *#06# ಒತ್ತಿ ನೋಡಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ ಉದ್ದನೆಯ ಸಂಖ್ಯೆಯೂ ಕಾಣಿಸಿದರೆ ನಿಮ್ಮ ಫೋನಿನಲ್ಲಿ ಇ-ಸಿಮ್, ಅಂದರೆ ಕಾರ್ಡ್ ಹಾಕದೆಯೇ ಫೋನಿನೊಳಗೆ ಸೇರಿಸಿಕೊಳ್ಳುವ ಸಿಮ್‌ನ ಸೌಲಭ್ಯವಿದೆಯೆಂದು ಅರ್ಥ. ಎರಡೂ ಇಲ್ಲದಿದ್ದರೆ, ಮನೆಯಲ್ಲಿ ಬಿದ್ದಿರುವ ಹಳೆಯ ಫೋನೊಂದನ್ನು ಒಯ್ದು ಅದಕ್ಕೆ ಜರ್ಮನಿಯ ಸಿಮ್ ಹಾಕಿ, ಹಾಟ್‌ಸ್ಪಾಟ್ ಮೂಲಕ ಇಬ್ಬರೂ ಬಳಸಬಹುದು. ಯಾವ ಸಿಮ್ ಎಲ್ಲಿದ್ದರೂ ಸರಿ, ಭಾರತದ ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಆಗಿಯೇ ಇರಬೇಕು. ಒಂದು ಸಿಮ್‌ನ ಸಿಗ್ನಲ್ ಕುಂದಿದಾಗ ಇನ್ನೊಂದರ ಡೇಟಾಕ್ಕೆ ತಾನಾಗಿ ಜಿಗಿಯುವ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡಿ.

ಜರ್ಮನಿಯಲ್ಲಿ ಪ್ರಿಪೇಯ್ಡ್ ಸಿಮ್‌ಗೆ 2017ರಿಂದ ಗುರುತಿನ ಪರಿಶೀಲನೆ ಕಡ್ಡಾಯವಾಗಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಆತುರಪಡಬೇಡಿ. ಆಲ್ಡಿ, ಲಿಡ್ಲ್‌ನಂಥ ದಿನಸಿ ಅಂಗಡಿಗಳೇ ತಮ್ಮ ಹೆಸರಿನ ಪ್ರಿಪೇಯ್ಡ್ ಸಿಮ್ ಮಾರುತ್ತವೆ. ನಾಲ್ಕು ವಾರಗಳ ಲೆಕ್ಕದ ಅವುಗಳ ಪ್ಯಾಕ್‌ಗಳು ಪ್ರವಾಸಿಗರಿಗೆಂದೇ ಮಾರುವ ಸಿಮ್‌ಗಳಿಗಿಂತ ಸಾಮಾನ್ಯವಾಗಿ ಅಗ್ಗ. ಹಗಲಿನ ಹೆಚ್ಚು ಹೊತ್ತು ಮಗಳ ಮನೆಯ ವೈಫೈ ಇರುವಾಗ ಅತಿ ಚಿಕ್ಕ ಪ್ಯಾಕೇ ಮಿಕ್ಕೀತು ಎಂಬುದು ನನ್ನ ಅಂದಾಜು.

ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್‌ನ ಹೆಚ್ಚುವರಿ ಶುಲ್ಕ ರದ್ದಾಗಿರುವುದರಿಂದ, ಆ ಸಿಮ್ ಹಿಡಿದು ಫ್ರಾನ್ಸ್‌ಗೋ ಆಸ್ಟ್ರಿಯಾಕ್ಕೋ ಹೋದರೆ ಬೇರೆ ಖರ್ಚಿಲ್ಲ. ಸ್ವಿಟ್ಜರ್ಲೆಂಡ್ ಮಾತ್ರ ಈ ಒಕ್ಕೂಟದಲ್ಲಿಲ್ಲ, ಎಡವುವುದು ಇಲ್ಲೇ. ಕೆಲವು ಜರ್ಮನ್ ಕಂಪನಿಗಳು ತಾವಾಗಿಯೇ ಅದನ್ನು ಸೇರಿಸಿರುತ್ತವೆ, ಕೆಲವು ಸೇರಿಸಿರುವುದಿಲ್ಲ. ಸಿಮ್ ಕೊಳ್ಳುವಾಗ ಮಗಳು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಗಡಿ ದಾಟದೆಯೂ ಹಣ ಹೋಗಬಹುದು: ಕಾನ್‌ಸ್ಟಾನ್ಸ್ ಸರೋವರದ ಜರ್ಮನ್ ದಂಡೆಯಲ್ಲಿ ನಿಂತಿದ್ದಾಗಲೇ ಫೋನ್ ಎದುರು ದಡದ ಸ್ವಿಸ್ ಸಿಗ್ನಲ್ ಹಿಡಿಯುವುದುಂಟು. ಅಂಥ ಕಡೆ ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ನಿಂದ ತೆಗೆದು ಜರ್ಮನ್ ಕಂಪನಿಯನ್ನೇ ಆರಿಸಿಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಡೇಟಾ ಇಲ್ಲದೆಯೂ ದಾರಿ ಕಾಣಿಸುತ್ತದೆ.

ದುಬೈನ ವಿಚಾರ ಚಿಕ್ಕದು. ವಿಮಾನ ನಿಲ್ದಾಣದ ವೈಫೈ ಉಚಿತ. ಆದರೆ ವಾಟ್ಸ್‌ಆ್ಯಪ್ ಕರೆಗಳಿಗೆ ಆ ದೇಶದಲ್ಲಿ ತಡೆಯಿದೆ, ಸಂದೇಶಗಳಿಗಿಲ್ಲ. ‘ತಲುಪಿದೆವು’ ಎಂದು ಬರೆದು ಕಳಿಸಿ. ವಿಮಾನದೊಳಗೆ ಫ್ಲೈಟ್ ಮೋಡ್ ತೆಗೆಯಲೇಬೇಡಿ. ಕೆಲವು ವಿಮಾನಗಳಲ್ಲಿರುವ ಮೊಬೈಲ್ ನೆಟ್‌ವರ್ಕ್‌ಗೆ ಫೋನ್ ತಾನಾಗಿಯೇ ಸೇರಿಕೊಂಡರೆ ಅದರ ದರ ಬಲು ದುಬಾರಿ.

ಪ್ರಶ್ನೆ: ಕಚೇರಿ ಕೆಲಸಕ್ಕಾಗಿ ನಾಲ್ಕು ದಿನ ಸಿಂಗಪುರಕ್ಕೆ ಹೋಗುತ್ತಿದ್ದೇನೆ, ಒಂದು ದಿನ ಮಲೇಷ್ಯಾದ ಜೊಹೊರ್ ಬಾರುವಿನಲ್ಲೂ ಕೆಲಸವಿದೆ. ಅಲ್ಲಿನ ಸಿಮ್ ಕೊಳ್ಳಬೇಕೇ, ಆ್ಯಪ್‌ನಲ್ಲಿ ಸಿಗುವ ಇ-ಸಿಮ್ ಒಳ್ಳೆಯದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೇಲಿನ ಸಲಹೆ ನಿಮಗೆ ಹೊಂದುವುದಿಲ್ಲ. ನಾಲ್ಕು ದಿನಕ್ಕಾದರೆ ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕೇ ಸಾಕು. ಕಚೇರಿಯ ಕರೆಗಳೂ ನಿಮ್ಮ ನಂಬರಿಗೇ ಬರುತ್ತವೆ. ಆದರೆ ಅದರಲ್ಲಿ ಸಿಂಗಪುರ ಮತ್ತು ಮಲೇಷ್ಯಾ ಎರಡೂ ಇರಬೇಕು, ಬರುವ ಕರೆಗಳಿಗೂ ನಿಮಿಷಗಳಿರಬೇಕು. ಡೇಟಾ ಇ-ಸಿಮ್‌ಗಳು ಸಾಮಾನ್ಯವಾಗಿ ಇನ್ನೂ ಅಗ್ಗವೇನೋ ಹೌದು. ಅವುಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರ್ ಇರುವುದಿಲ್ಲ, ಇಂಟರ್ನೆಟ್ ಮಾತ್ರ. ಹೊರದೇಶದ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಇ-ಸಿಮ್ ಮಾರುವ ಏರಾಲೊ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. ಅನುಮತಿಯಿರುವ ಮಾರಾಟಗಾರರಿಂದಲೇ ಕೊಳ್ಳಿ.

ಇನ್ನೊಂದು ಮಾತು. ಸಿಂಗಪುರದಲ್ಲಿ 2ಜಿ 2017ರಲ್ಲೇ ನಿಂತಿತು, 3ಜಿಯನ್ನು 2024ರಲ್ಲಿ ಮುಚ್ಚಿದರು. ಕರೆಗಳೂ 4ಜಿ, 5ಜಿ ಮೇಲೆಯೇ ಹೋಗಬೇಕಾದ್ದರಿಂದ, ಫೋನಿನಲ್ಲಿ ವೋಲ್ಟಿ (4ಜಿ ಮೂಲಕವೇ ಕರೆ ಸಾಗಿಸುವ ವ್ಯವಸ್ಥೆ) ಆನ್ ಆಗಿದೆಯೇ, ರೋಮಿಂಗ್‌ನಲ್ಲೂ ಅದು ನಡೆಯುತ್ತದೆಯೇ ಎಂದು ಪ್ಯಾಕ್ ಹಾಕಿಸುವಾಗಲೇ ಕಂಪನಿಯನ್ನು ಕೇಳಿ.