ತೋಟದ ಯಜಮಾನನ ಡೈರಿ ಒಂದೇ ಓದಿದರೆ ಸಾಕಾ?

19ನೇ ಶತಮಾನದ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ತೋಟದ ಯಜಮಾನರ ಬಗ್ಗೆ ತಿಳಿಯೋಕೆ ಅವರ ಡೈರಿ, ಪತ್ರಗಳು ಸಾಕಾ, ಸರ್ಕಾರಿ ದಾಖಲೆಯನ್ನೂ ನೋಡಬೇಕಾ ಅಂತ ಕೇಳಿದ್ದೀರಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಅದೂ ಯಜಮಾನನಿಗಾಗಿ ಅಲ್ಲ, ಅವನ ಕೈಕೆಳಗೆ ಗುಲಾಮರಾಗಿದ್ದವರಿಗಾಗಿ ಓದಿ.

ಮೊದಲು ಜನಗಣತಿ. 1850 ಮತ್ತು 1860ರಲ್ಲಿ ಗುಲಾಮರಿಗೆ ಅಂತಲೇ ಬೇರೆ ಹಾಳೆ ಇತ್ತು. ಅದರಲ್ಲಿ ಯಜಮಾನನ ಹೆಸರು ಇರುತ್ತದೆ. ಅದರ ಕೆಳಗೆ ಗುಲಾಮರದ್ದು ಬರೀ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಓಡಿಹೋಗಿದ್ದರೆ ಅದಕ್ಕೊಂದು ಕಾಲಂ, ಕುರುಡರಾಗಿದ್ದರೆ ಇನ್ನೊಂದು. ಹೆಸರಿಗೆ ಮಾತ್ರ ಜಾಗವೇ ಇಲ್ಲ. 1860ರಲ್ಲಿ ಹೀಗೆ ಲೆಕ್ಕಕ್ಕೆ ಬಂದವರು 39 ಲಕ್ಷಕ್ಕೂ ಜಾಸ್ತಿ ಜನ.

ಆ ಹೆಸರುಗಳು ಸಿಗೋದು ಯಜಮಾನನ ಮನೆಯ ಲೆಕ್ಕದ ಪುಸ್ತಕದಲ್ಲಿ. ಇವತ್ತು ಯಾರು ಎಷ್ಟು ಪೌಂಡ್ ಹತ್ತಿ ಬಿಡಿಸಿದರು, ಯಾರಿಗೆ ಕಂಬಳಿ ಕೊಟ್ಟಾಯಿತು, ಯಾರಿಗೆ ಮಗು ಹುಟ್ಟಿತು, ಇದನ್ನೆಲ್ಲ ಹೆಸರಿಲ್ಲದೆ ಬರೆಯೋಕಾಗಲ್ಲ ಅಲ್ವಾ? ಥಾಮಸ್ ಅಫ್ಲೆಕ್ ಅನ್ನುವವನು ಇದಕ್ಕೆಂದೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಮಾರುತ್ತಿದ್ದ. ಅದರಲ್ಲಿ ವರ್ಷದ ಶುರುವಿಗೆ ಪ್ರತಿಯೊಬ್ಬ ಗುಲಾಮನ ಬೆಲೆ ಎಷ್ಟು, ಕೊನೆಗೆ ಎಷ್ಟಾಯಿತು ಅಂತ ತುಂಬೋಕೂ ಕಾಲಂ ಇತ್ತು. ಯಜಮಾನ ಸತ್ತ ಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿಗೆ ಕೊಡುತ್ತಿದ್ದ ಆಸ್ತಿ ಪಟ್ಟಿಯಲ್ಲೂ ಅಷ್ಟೇ, ಹೇಸರಗತ್ತೆ, ನೇಗಿಲಿನ ಜೊತೆಗೇ ಮನುಷ್ಯರ ಹೆಸರು, ಎದುರಿಗೆ ಬೆಲೆ.

ಒಂದು ಉದಾಹರಣೆ ಹೇಳುತ್ತೇನೆ. ದಕ್ಷಿಣ ಕರೋಲಿನಾದ ಜೇಮ್ಸ್ ಹೆನ್ರಿ ಹ್ಯಾಮಂಡ್ ಗವರ್ನರ್ ಆಗಿದ್ದ, ಸೆನೆಟರ್ ಆಗಿದ್ದ, ಹತ್ತಿಯೇ ರಾಜ ಅಂತ 1858ರಲ್ಲಿ ಸೆನೆಟ್‌ನಲ್ಲಿ ಭಾಷಣ ಮಾಡಿದವನು. ಸಾರ್ವಜನಿಕ ದಾಖಲೆಯಲ್ಲಿ ನಿಮಗೆ ಸಿಗುವ ಹ್ಯಾಮಂಡ್ ಇಷ್ಟೇ. ಆದರೆ 1856ರಲ್ಲಿ ಅವನು ಮಗ ಹ್ಯಾರಿಗೆ ಬರೆದ ಪತ್ರ ಓದಿ. ಸ್ಯಾಲಿ ಜಾನ್ಸನ್ ಮತ್ತು ಅವಳ ಮಗಳು ಲೂಯಿಸಾ, ಇಬ್ಬರೂ ಅವನ ಗುಲಾಮರು, ಇಬ್ಬರನ್ನೂ ಅವನು ಬಳಸಿಕೊಂಡಿದ್ದ. ಅವರನ್ನೂ, ಅವರಲ್ಲಿ ತನಗೆ ಹುಟ್ಟಿರಬಹುದಾದ ಮಕ್ಕಳನ್ನೂ ಹೊರಗಿನವರಿಗೆ ಮಾರಬೇಡ, ನಮ್ಮ ಮನೆಯಲ್ಲೇ ಗುಲಾಮರಾಗಿರುವುದೇ ಅವರಿಗೆ ಸುಖ ಅಂತ ಬರೆಯುತ್ತಾನೆ. ಬಿಡುಗಡೆ ಮಾಡಿ ಉತ್ತರದ ರಾಜ್ಯಗಳಿಗೆ ಕಳಿಸಲಾರೆ, ಅದು ಅವರಿಗೇ ಕ್ರೌರ್ಯ ಅಂತಲೂ ಹೇಳುತ್ತಾನೆ. ಇದನ್ನು ಓದಿದ ಮೇಲೆ ಯಾವ ಯಜಮಾನನ ಡೈರಿಯಲ್ಲೂ ಗುಲಾಮರನ್ನು 'ನನ್ನ ಜನ' ಅಂತ ಕರೆದದ್ದು ಕಂಡಾಗ ನಾನು ಅದನ್ನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ನೀವೂ ಒಪ್ಪಬೇಡಿ.

ಇನ್ನು ಕೆಲಸದ ಮಾತು. 1865ರಲ್ಲಿ, ದಕ್ಷಿಣ ರಾಜ್ಯಗಳು ಬಂಡೆದ್ದು ಅಂತರ್ಯುದ್ಧದಲ್ಲಿ ಸೋತ ಮೇಲೆ, 20,000 ಡಾಲರ್‌ಗಿಂತ ಹೆಚ್ಚು ಆಸ್ತಿಯಿದ್ದ ಬಂಡಾಯ ಪಕ್ಷದವರು ಕ್ಷಮೆಗಾಗಿ ಅಧ್ಯಕ್ಷ ಆಂಡ್ರೂ ಜಾನ್ಸನ್‌ಗೆ ಅರ್ಜಿ ಹಾಕಬೇಕಿತ್ತು, ಅವನ್ನೂ ಹುಡುಕಿ. ಖಾಸಗಿ ಕಾಗದಗಳಿಗೆ ಚಾಪೆಲ್ ಹಿಲ್‌ನ ಉತ್ತರ ಕರೋಲಿನಾ ವಿಶ್ವವಿದ್ಯಾಲಯದ ಸಂಗ್ರಹದಿಂದ ಶುರು ಮಾಡಿ, ಎಷ್ಟೋ ಪುಟಗಳು ಆನ್‌ಲೈನ್‌ನಲ್ಲೇ ಇವೆ. ಓದುತ್ತಾ ಸಿಕ್ಕ ಗುಲಾಮರ ಹೆಸರು, ವಯಸ್ಸು ಬರೆದಿಟ್ಟುಕೊಳ್ಳಿ. ಆಮೇಲೆ 1870ರ ಜನಗಣತಿ ತೆಗೆಯಿರಿ, ಗುಲಾಮರಾಗಿದ್ದವರ ಹೆಸರು ಎಲ್ಲರಂತೆ ಮೊದಲ ಸಲ ಬಂದದ್ದು ಅದರಲ್ಲೇ. ಅದೇ ಕೌಂಟಿಯಲ್ಲಿ, ಹೊಂದುವ ವಯಸ್ಸಿನಲ್ಲಿ, ಅದೇ ಹೆಸರು ಇದೆಯಾ ನೋಡಿ. ಮನೆತನದ ಹೆಸರು ಮಾತ್ರ ಯಜಮಾನನದ್ದೇ ಇರಬೇಕು ಅಂತೇನಿಲ್ಲ, ಎಷ್ಟೋ ಜನ ಬೇರೆಯದನ್ನೇ ಇಟ್ಟುಕೊಂಡಿದ್ದರು.