ಮೊಬೈಲು, ಸೋಶಿಯಲ್ ಮೀಡಿಯಾ ಬಂದ ಮೇಲೆ ವ್ಯಾಪಾರ, ಬದುಕು ನಿಜಕ್ಕೂ ಬದಲಾಗಿದೆಯಾ?

ಎಲ್ಲರೂ ಬದಲಾಗಿದೆ ಅನ್ನುತ್ತಾರೆ, ನಿಜಕ್ಕೂ ಏನು ಬದಲಾಗಿದೆ, ಫೋನನ್ನೇ ನಂಬಿಕೊಂಡು ಸಣ್ಣ ವ್ಯಾಪಾರ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಬಟ್ಟೆ ಬ್ಯಾಗು ಹೊಲಿದು ಮಾರುತ್ತೇನೆ. ಆರ್ಡರ್ ಬರುವುದೆಲ್ಲ ಫೋನಿನಲ್ಲೇ. ಹೊಲಿಗೆ ಮಿಷನ್ ಮುಂದೆ ಕೂತವಳಿಗೆ ಕಂಡಷ್ಟನ್ನು ಹೇಳುತ್ತೇನೆ.

ಬದಲಾಗಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ "ಇನ್ನು ಇಡೀ ಪ್ರಪಂಚವೇ ನಿಮ್ಮ ಗಿರಾಕಿ" ಅಂತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಈಗಲೂ ಗೊತ್ತಿದ್ದವರು, ಇಲ್ಲ ಗೊತ್ತಿದ್ದವರಿಗೆ ಗೊತ್ತಿದ್ದವರು. ಮೊದಲು ಬಾಯಿಂದ ಬಾಯಿಗೆ ಹೋಗುತ್ತಿದ್ದ ಮಾತು ಈಗ ಫೋನಿಂದ ಫೋನಿಗೆ ಹೋಗುತ್ತದೆ, ಅಷ್ಟೇ. ನನ್ನ ಪ್ರಕಾರ ದೊಡ್ಡ ಬದಲಾವಣೆ ಆಗಿರುವುದು ಹೊತ್ತಿನಲ್ಲಿ. ಅಂಗಡಿಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿತ್ತು ನೋಡಿ, ಅದು ಹೋಯಿತು.

ಇದು ಫೋನು ಬಂದ ದಿನವೇ ಆದದ್ದಲ್ಲ. 1983ರಲ್ಲಿ ಮೊಟೊರೊಲಾ ಮಾರಾಟಕ್ಕಿಟ್ಟ ಮೊದಲ ಮೊಬೈಲಿನ ಬೆಲೆ 3,995 ಡಾಲರ್. ಹತ್ತು ಗಂಟೆ ಚಾರ್ಜ್ ಮಾಡಿದರೆ ಅರ್ಧ ಗಂಟೆ ಮಾತು. ಅದರಲ್ಲಿ ಬ್ಯಾಗಿನ ಅಳತೆ ಕೇಳುತ್ತಾ ಕೂರೋಕೆ ಆಗುತ್ತಿತ್ತಾ! 2007ರಲ್ಲಿ ಐಫೋನ್ ಬಂದಾಗಲೂ ಹೊರಗಿನವರ ಆಪ್‌ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆಪ್ ಸ್ಟೋರ್ ತೆರೆದದ್ದು 2008ರಲ್ಲಿ. ಅದರ ಮುಂದಿನ ವರ್ಷ ಆ ಆಪ್‌ಗಳಿಗೆ ನೋಟಿಫಿಕೇಶನ್ ಕಳಿಸುವ ದಾರಿ ಸಿಕ್ಕಿತು. ನನಗೆ ಮುಖ್ಯ ಅನಿಸುವುದು ಇದೇ. ಅಲ್ಲಿಯವರೆಗೆ ಬೇಕಾದಾಗ ನಾವು ಹೋಗಿ ನೋಡುತ್ತಿದ್ದೆವು, ಆಮೇಲೆ ಅದೇ ನಮ್ಮನ್ನು ಕರೆಯತೊಡಗಿತು.

2014ರ ಕೊನೆಗೆ ವಾಟ್ಸ್ಆಪ್‌ನಲ್ಲಿ ಬ್ಲೂ ಟಿಕ್ ಬಂತು. ಗಿರಾಕಿ ರಾತ್ರಿ ಹತ್ತೂವರೆಗೆ "ಜಿಪ್ ಬಣ್ಣ ಬದಲಾಯಿಸಬಹುದಾ" ಅಂತ ಕೇಳುತ್ತಾರೆ. ನಾನು ಅಕ್ಕನ ಮೆಸೇಜು ಅಂದುಕೊಂಡು ತೆರೆಯುತ್ತೇನೆ. ಟಿಕ್ ನೀಲಿ ಆಗುತ್ತದೆ. ನೋಡಿಯೂ ಸುಮ್ನೆ ಇದ್ದಾಳೆ ಅಂತ ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು, ಇನ್ನು ಉತ್ತರ ಕೊಡದೆ ನಿದ್ದೆ ಬರುತ್ತದಾ? ಆ ಟಿಕ್ಕನ್ನು ಆಫ್ ಮಾಡಬಹುದು. ನಾನು ಮಾಡಿದೆ. ಆದರೆ ಆಗ ಬೇರೆಯವರು ನೋಡಿದ್ದಾರಾ ಇಲ್ಲವಾ ಅಂತ ನನಗೂ ಕಾಣುವುದಿಲ್ಲ, ದುಡ್ಡು ಬರಬೇಕಾದ ಕಡೆ ಅದು ಕಷ್ಟ.

ಮನೆ, ಕೆಲಸ ಎರಡೂ ಒಂದೇ ಫೋನಿನಲ್ಲಿ ಇರುವುದರಿಂದ ಇದೆಲ್ಲ. ಒಮ್ಮೆ ಗಿರಾಕಿಗೆ ಹೋಗಬೇಕಾದ ಬಿಲ್ಲು ಅಕ್ಕನಿಗೆ ಹೋಗಿತ್ತು. ಅವಳು ಮೂರು ದಿನ ಮಾತು ಬಿಟ್ಟಳು.

ಬೈಯುವುದೊಂದೇ ಅಲ್ಲ, ಒಳ್ಳೆಯದೂ ಇದೆ. ನನ್ನ ಹತ್ತಿರ ಅಂಗಡಿ ಇಲ್ಲ, ಅಡ್ವಾನ್ಸ್ ಕೊಟ್ಟು ಮಳಿಗೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಆದರೂ ವ್ಯಾಪಾರ ಆಯಿತು. ಫೋನಿನಲ್ಲೇ ದುಡ್ಡು ಬರುವಂತಾದದ್ದು ಸೋಶಿಯಲ್ ಮೀಡಿಯಾಕ್ಕಿಂತ ದೊಡ್ಡ ಉಪಕಾರ ಅಂತ ನನಗನಿಸುತ್ತದೆ. ಕೀನ್ಯಾದಲ್ಲಿ 2007ರಲ್ಲೇ ಎಂ-ಪೆಸಾ ಶುರುವಾಯಿತು. ಅದಕ್ಕೆ ಸ್ಮಾರ್ಟ್‌ಫೋನೂ ಬೇಡ, ಬ್ಯಾಂಕ್ ಖಾತೆಯೂ ಬೇಡ. ಏಜೆಂಟರ ಹತ್ತಿರ ನಗದು ಕೊಟ್ಟರೆ ನಿಮ್ಮ ಫೋನ್ ನಂಬರಿಗೆ ಜಮೆ ಆಗುತ್ತದೆ, ಬಟನ್ ಫೋನಿನಿಂದಲೇ ಬೇರೆಯವರಿಗೆ ಕಳಿಸಬಹುದು. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು (ನಮ್ಮ ಪೈಸೆ ನೆನಪಾಯಿತು ಅಲ್ವಾ). ಬ್ಯಾಂಕಿನ ಮೆಟ್ಟಿಲು ಹತ್ತದವರೂ ಅದರಲ್ಲಿ ವ್ಯಾಪಾರ ಮಾಡಿದರು.

ಈಗ ನಂಬಬಹುದಾ ಅನ್ನುವ ವಿಚಾರಕ್ಕೆ ಬರುತ್ತೇನೆ. 2014ರಲ್ಲಿ ಫೇಸ್‌ಬುಕ್ ವಾಟ್ಸ್ಆಪನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂದಾಗ ಅಲ್ಲಿ ಕೆಲಸಕ್ಕಿದ್ದವರು ಐವತ್ತೈದು ಜನರಷ್ಟು, ಬಳಸುತ್ತಿದ್ದವರು 45 ಕೋಟಿ. ಹತ್ತಿರ ಹತ್ತಿರ ಬಿಟ್ಟಿಯಾಗಿ ಕೊಡುವ ಆಪ್‌ಗೆ ಅಷ್ಟು ದುಡ್ಡು ಯಾಕೆ? ಅಲ್ಲಿ ನೆರೆದಿದ್ದ ಜನಕ್ಕೆ. ಜಾತ್ರೆ ಸೇರಿದ ಮೈದಾನಕ್ಕೆ ಬೆಲೆ ಬರುವ ಹಾಗೆ. ನಾವು ಆ ಮೈದಾನದಲ್ಲಿ ಚಾಪೆ ಹಾಸಿ ಕೂತವರು. ಚಾಪೆ ನಮ್ಮದು, ನೆಲ ಅವರದು. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲು ಹೊಸ ಫೋಟೋ ಮೇಲೆ, ಹಳೆಯದು ಕೆಳಗೆ ಬರುತ್ತಿತ್ತು. 2016ರಲ್ಲಿ ಆ ಕ್ರಮ ಬದಲಾಯಿತು. ಯಾರಿಗೆ ಯಾವುದನ್ನು ಮೊದಲು ತೋರಿಸಬೇಕು ಅಂತ ಆಪ್ ತೀರ್ಮಾನಿಸುತ್ತದೆ. ಸಾವಿರ ಜನ ಫಾಲೋ ಮಾಡಿದರೆ ಸಾವಿರ ಜನಕ್ಕೂ ಬ್ಯಾಗು ಕಂಡಿತು ಅಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆಪ್ ಮೂರೂ ಸುಮಾರು ಆರು ಗಂಟೆ ಸತ್ತು ಮಲಗಿದ್ದವು. ರಿಪೇರಿ ಕೆಲಸದಲ್ಲಿ ಅವರವರೇ ಕೊಟ್ಟ ಒಂದು ತಪ್ಪು ಕಮಾಂಡು ಕಾರಣ. ಮೂರಕ್ಕೂ ಒಬ್ಬನೇ ಧಣಿ ಅನ್ನುವುದು ಎಷ್ಟೋ ಜನಕ್ಕೆ ಅವತ್ತೇ ಹೊಳೆದಿರಬೇಕು.

ನನಗೆ ಬಿದ್ದ ಪೆಟ್ಟು ಬೇರೆ. ನಾನು ಬಳಸುತ್ತಿದ್ದ ಒಂದು ಜಾಲತಾಣ (ಹೆಸರು ಬೇಡ) ಒಂದು ಬೆಳಿಗ್ಗೆ ನನ್ನ ಖಾತೆಗೆ ಬೀಗ ಹಾಕಿತು. ಕಾರಣ ಹೇಳಲಿಲ್ಲ. ಕೇಳಲು ಒಬ್ಬ ಮನುಷ್ಯ ಸಿಗಲಿಲ್ಲ, ದೂರು ಕೊಟ್ಟಾಗಲೆಲ್ಲ ಅದೇ ರೆಡಿಮೇಡ್ ಉತ್ತರ ಬರುತ್ತಿತ್ತು. ಹೊಲಿದು ಮುಗಿಸಿದ ಒಂಬತ್ತು ಬ್ಯಾಗು ಮೇಜಿನ ಮೇಲಿದ್ದವು. ಯಾರದು ಯಾವ ವಿಳಾಸ, ಯಾರು ಅರ್ಧ ದುಡ್ಡು ಕೊಟ್ಟಿದ್ದಾರೆ, ಎಲ್ಲ ಆ ಚಾಟ್ ಒಳಗೇ. ಹನ್ನೊಂದು ದಿನ ಆದ ಮೇಲೆ ಖಾತೆ ತಾನಾಗಿ ತೆರೆಯಿತು, ಕಾರಣ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಇಬ್ಬರು ನಾನು ದುಡ್ಡು ತಿಂದೆ ಅಂತ ಗ್ರೂಪಿನಲ್ಲಿ ಬರೆದಾಗಿತ್ತು. ಅವರ ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ. ಆವತ್ತಿನಿಂದ ಹೆಸರು, ವಿಳಾಸ, ನಂಬರು, ಬಾಕಿ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆಯುತ್ತೇನೆ.

ಶುರು ಮಾಡಿ, ಬೇಡ ಅನ್ನಲ್ಲ. ಫೋಟೋ ಮಾತ್ರ ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ರಾತ್ರಿ ಲೈಟಿನಲ್ಲಿ ತೆಗೆದ ಮರೂನ್ ಬಣ್ಣ ಅವರ ಫೋನಿನಲ್ಲಿ ಕೆಂಪಾಗಿ ಕಂಡು ವಾಪಸ್ ಬಂದ ಬ್ಯಾಗು ನನ್ನ ಹತ್ತಿರ ಇನ್ನೂ ಇದೆ. ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು ತೆಗೆದರೆ "ಎಷ್ಟು ದೊಡ್ಡದು" ಅನ್ನುವ ಪ್ರಶ್ನೆ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ರಾತ್ರಿ ಎಂಟರ ಮೇಲೆ ಉತ್ತರ ಇಲ್ಲ ಅಂತ ಪ್ರೊಫೈಲಿನಲ್ಲೇ ಬರೆದುಬಿಡಿ. ನಾನು ಬರೆದಾಗ ಒಂದಿಬ್ಬರು ಗಿರಾಕಿ ಬಿಟ್ಟುಹೋದರು, ಉಳಿದವರು ಬೆಳಗಿನ ತನಕ ಕಾಯುತ್ತಾರೆ.

ಏನು ಮಾರಬೇಕು ಅಂತಿದ್ದೀರಿ ಅನ್ನುವುದನ್ನು ನೀವು ಬರೆದಿಲ್ಲ. ಕೆಳಗೆ ಹಾಕಿ, ಬೆಳಿಗ್ಗೆ ನೋಡುತ್ತೇನೆ.